ಹೆದ್ದಾರಿ ಮೇಲಿನ ಪಾರ್ಕ್: ವಿಡಿಯೊದಲ್ಲಿ ಕಾಣದ ಲೆಕ್ಕ

ಮಾನ್ಯ ಸಂಪಾದಕರೇ,

ಅಮೆರಿಕದ ಡಲ್ಲಾಸ್‌ನಲ್ಲಿ ಹೆದ್ದಾರಿಯ ಮೇಲೆ ಕಟ್ಟಿರುವ ಕ್ಲೈಡ್ ವಾರೆನ್ ಪಾರ್ಕಿನ ವಿಡಿಯೊ ಕಳಿಸಿ, ‘ಬೆಂಗಳೂರಲ್ಲಿ ಯಾಕೆ ಇಂಥದ್ದು ಮಾಡಲ್ಲ?’ ಎಂದು ಊರಿನ ಗೆಳೆಯರು ಕೇಳುತ್ತಲೇ ಇರುತ್ತಾರೆ. ನಾನು ಡಲ್ಲಾಸ್‌ನಲ್ಲೇ ಇರುವವನು, ಪಾರ್ಕ್ ನಿಜವಾಗಿಯೂ ಚೆನ್ನಾಗಿದೆ. ಬೇಲಿಯಿಲ್ಲ, ಟಿಕೆಟ್ ಇಲ್ಲ. ಕುರ್ಚಿಗಳನ್ನು ನೆಲಕ್ಕೆ ಬಿಗಿದಿಲ್ಲ, ನೆರಳು ಎಲ್ಲಿದೆಯೋ ಅಲ್ಲಿಗೆ ಎಳೆದುಕೊಂಡು ಕೂರಬಹುದು. ಟೆಕ್ಸಸ್ ಬಿಸಿಲು ಕಂಡವರಿಗೆ ಇದು ಎಷ್ಟು ದೊಡ್ಡ ಉಪಕಾರ ಅಂತ ಗೊತ್ತು. ಆದರೆ ಆ ಹುಲ್ಲಿನ ಕೆಳಗೆ ಏನಿದೆ ಅಂತ ಯಾವ ವಿಡಿಯೊದಲ್ಲೂ ತೋರಿಸಲ್ಲ.

ಅಲ್ಲಿನ ವುಡಾಲ್ ರಾಜರ್ಸ್ ಹೆದ್ದಾರಿ ಕಾಲುವೆ ತೋಡಿದ ಹಾಗೆ ನೆಲಮಟ್ಟಕ್ಕಿಂತ ಕೆಳಗೆ ಹೋಗುತ್ತದೆ. ಅದಕ್ಕೇ ಮೇಲೆ ಮುಚ್ಚಳ ಹಾಕಲು ಸಾಧ್ಯವಾಯಿತು. ನಮ್ಮಲ್ಲಿ ರಸ್ತೆ ಕಂಬದ ಮೇಲೆ ಹತ್ತಿ ಕೂತಿದೆ, ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರ್ ಮೇಲೆ ಇನ್ನೊಂದು ಅಟ್ಟ ಕಟ್ಟಿ ಮರ ನೆಡೋಕಾಗುತ್ತಾ?

ಡಲ್ಲಾಸ್‌ನಲ್ಲೂ ಮರ ಸುಮ್ನೆ ಬೆಳೆದಿಲ್ಲ. 300ಕ್ಕೂ ಹೆಚ್ಚು ಕಾಂಕ್ರೀಟ್ ತೊಲೆಗಳನ್ನು ಗುಂಪುಗುಂಪಾಗಿ ಜೋಡಿಸಿ, ನಡುವೆ ಸಂದು ಬಿಟ್ಟು, ಆ ಸಂದುಗಳಿಗೆ ತಳ ಹಾಕಿ ಮಣ್ಣು ತುಂಬಿದ್ದಾರೆ. ಮರಗಳ ಬೇರು ಇಳಿಯುವುದು ಆ ಉದ್ದನೆ ತೊಟ್ಟಿಗಳಲ್ಲಿ ಮಾತ್ರ. ಎಲ್ಲ ಕಡೆ ಮಣ್ಣೇ ಸುರಿದರೆ ಭಾರ ಜಾಸ್ತಿಯಾಗುತ್ತದೆ ಎಂದು ಥರ್ಮೋಕೋಲ್ ಥರದ ಹಗುರ ದಿಮ್ಮಿಗಳನ್ನೂ ಒಳಗೆ ಇಟ್ಟಿದ್ದಾರೆ. ಕೆಳಗಿನ ರಸ್ತೆ ಸುರಂಗವಾಯಿತಲ್ಲ, ಅಲ್ಲಿ ಗಾಳಿಯಾಡಲು ದೊಡ್ಡ ಫ್ಯಾನುಗಳು ಬೇರೆ.

2012ರಲ್ಲಿ ತೆರೆದ ಈ ಪಾರ್ಕಿಗೆ ಆದ ಖರ್ಚು ಸುಮಾರು 110 ಮಿಲಿಯನ್ ಡಾಲರ್, ಆಗಿನ ರೇಟಿನಲ್ಲೇ 500 ಕೋಟಿ ರೂಪಾಯಿ ದಾಟುತ್ತದೆ. ಸಿಕ್ಕಿದ್ದು 5.2 ಎಕರೆ. ಅರ್ಧದಷ್ಟು ಹಣ ಸರ್ಕಾರಗಳದ್ದು, ಉಳಿದದ್ದು ದೇಣಿಗೆ. ಪಾರ್ಕಿಗೆ ಇಟ್ಟಿರುವುದು ಕೂಡ 10 ಮಿಲಿಯನ್ ಡಾಲರ್ ಕೊಟ್ಟ ಶ್ರೀಮಂತರೊಬ್ಬರ ಮಗನ ಹೆಸರನ್ನೇ. ಜಾಗ ನಗರದ್ದು, ನಡೆಸುವುದು ಒಂದು ಖಾಸಗಿ ಪ್ರತಿಷ್ಠಾನ. ಇಷ್ಟೆಲ್ಲ ಮಾಡಿದ ಮೇಲೂ ಕೆಳಗೆ ಒಂದು ಕಾರೂ ಕಮ್ಮಿಯಾಗಿಲ್ಲ. ಹಿಂದೆ ಊರನ್ನು ಸೀಳಿ ರಸ್ತೆ ಮಾಡಿದ್ದಕ್ಕೆ ಈಗ ಹಾಕಿದ ಹೊಲಿಗೆ ಅದು, ಅಷ್ಟೆ.

ಇತ್ತ ಲಾಲ್‌ಬಾಗ್ ನೋಡಿ. 240 ಎಕರೆ, ಹೈದರಾಲಿ ಕಾಲದ ತೋಟ, ಕೆಳಗೆ ತೊಲೆಯೂ ಇಲ್ಲ, ಫ್ಯಾನೂ ಇಲ್ಲ, ಬರೀ ಮಣ್ಣು ಮತ್ತು ಬಂಡೆ. ಹೆಬ್ಬಾಳ–ಸಿಲ್ಕ್ ಬೋರ್ಡ್ ಸುರಂಗ ರಸ್ತೆಗೆ ಅಲ್ಲಿನ ಜಾಗವೂ ಬೇಕಂತೆ ಎಂದು 2025ರಲ್ಲಿ ಎಷ್ಟು ಗಲಾಟೆಯಾಯಿತು! ಡಲ್ಲಾಸ್ ಪಾರ್ಕ್ ನೋಡಿ ಬಾಯಿ ಚಪ್ಪರಿಸುವ ನಮ್ಮವರು ಆಗ ಎಷ್ಟು ಜನ ಲಾಲ್‌ಬಾಗ್ ಗೇಟಿನ ಹತ್ತಿರ ಬಂದು ನಿಂತಿದ್ದರೋ ನನಗಂತೂ ಅನುಮಾನ.

ನನ್ನ ಕೋರಿಕೆ ಇಷ್ಟೇ: ಸುರಂಗದ ದಾರಿಗಳು ಎಲ್ಲಿ ಮೇಲೆ ಬರುತ್ತವೆ, ಗಾಳಿ ಕೊಳವೆ ಎಲ್ಲಿ ಏಳುತ್ತದೆ, ಯಾವ ಪಾರ್ಕಿನ ಎಷ್ಟು ಜಾಗ ಹೋಗುತ್ತದೆ ಎಂಬ ನಕ್ಷೆಯನ್ನು ಅಗೆಯುವ ಮೊದಲೇ, ಕನ್ನಡದಲ್ಲಿ, ವಾರ್ಡ್ ಕಚೇರಿಯ ಗೋಡೆಗೆ ಅಂಟಿಸಲಿ. ನಿಮ್ಮ ಪತ್ರಿಕೆಯೂ ಅದನ್ನು ಅರ್ಧ ಪುಟದಲ್ಲಿ ಹಾಕಿದರೆ ಒಳ್ಳೆಯದು.

ಇಂತಿ,
ಡಲ್ಲಾಸ್‌ನಿಂದ ನಿಮ್ಮ ಓದುಗ