ಮೇಲ್‌ನಲ್ಲಿ ಪಾಸ್‌ಬುಕ್, ಆಧಾರ್ ಕಳಿಸುವವರಿಗೆ

ಶಿರಸಿ ಗುಂಪಿನ ಎಲ್ಲರಿಗೂ ನಮಸ್ಕಾರ. ಪಹಣಿ, ಪಾಸ್‌ಬುಕ್ ಫೋಟೊ, ಅಡಿಕೆ ಲೆಕ್ಕ ಎಲ್ಲವನ್ನೂ ಬೆಂಗಳೂರಿನ ಮಕ್ಕಳಿಗೆ ಮೇಲ್ ಮಾಡುತ್ತೀರಿ ಅಲ್ವಾ? ಮಾಮೂಲಿ ಮೇಲ್ ದಾರಿಯಲ್ಲಿ ಭದ್ರವಾಗಿ ಹೋದರೂ ಸರ್ವರ್‌ನಲ್ಲಿ ಕಂಪನಿಯವರು ಓದಬಹುದಾದ ಹಾಗೇ ಇರುತ್ತದೆ. ಪಾಸ್‌ವರ್ಡ್ ಕದ್ದವರಿಗಂತೂ ಹಳೇದೆಲ್ಲ ಸಿಗುತ್ತದೆ.

ಇದಕ್ಕೆ ಉಪಾಯ ಇದೆ. ಥಂಡರ್‌ಬರ್ಡ್ ಅನ್ನೋ ಕಂಪ್ಯೂಟರ್ ಮೇಲ್ ತಂತ್ರಾಂಶದಲ್ಲಿ 2020ರಿಂದ ಓಪನ್‌ಪಿಜಿಪಿ, ಅಂದರೆ ಬೇರೆಯವರು ಓದಲಾಗದ ಹಾಗೆ ಮೇಲ್‌ಗೆ ಬೀಗ ಹಾಕುವ ವ್ಯವಸ್ಥೆ, ಒಳಗೇ ಇದೆ, ದುಡ್ಡು ಕೊಡಬೇಕಿಲ್ಲ. ಅದು ಎರಡು ಕೀಲಿ ಮಾಡಿಕೊಡುತ್ತದೆ. ಒಂದನ್ನು ಯಾರಿಗೆ ಬೇಕಾದರೂ ಕೊಡಿ, ಅದರಿಂದ ಬೀಗ ಹಾಕಿ ನಿಮಗೆ ಕಳಿಸುತ್ತಾರೆ. ಬೀಗ ತೆಗೆಯುವ ಕೀಲಿ ಮಾತ್ರ ನಿಮ್ಮ ಹತ್ತಿರವೇ ಇರಲಿ. ಅದರ ನಕಲನ್ನು ಪೆನ್‌ಡ್ರೈವ್‌ನಲ್ಲಿ ಖಂಡಿತ ಇಡಿ. ಕಳೆದುಹೋದರೆ ಆ ಮೇಲ್‌ಗಳನ್ನು ಯಾರಿಂದಲೂ ತೆರೆಯಲು ಆಗುವುದಿಲ್ಲ. ವಿಷಯದ ಸಾಲಿನಲ್ಲಿ ಖಾತೆ ನಂಬರ್ ಬೇಡವೇ ಬೇಡ, ಅದು ಬಹಳ ಸಲ ಬೀಗವಿಲ್ಲದೇ ಹೋಗುತ್ತದೆ.

ಕಷ್ಟ ಅನಿಸಿದವರು ಭಾನುವಾರ ಲ್ಯಾಪ್‌ಟಾಪ್ ಹಿಡಿದು ಮನೆಗೆ ಬನ್ನಿ, ಕೂತು ಮಾಡೋಣ.