ಅಡ್ವಾನ್ಸ್ ಜಗಳ ಶುರುವಾಗುವುದು ಮನೆ ಕೊಡುವ ದಿನ

ಸಂಪಾದಕರೇ,

ಮನೆ ಖಾಲಿ ಮಾಡಿಸುವಾಗ ಅಡ್ವಾನ್ಸ್ ಹಣಕ್ಕೆ ನಡೆಯುವ ಜಟಾಪಟಿಯಲ್ಲಿ ಮಾಲೀಕರು ಬಾಡಿಗೆದಾರರನ್ನು ದೂರುತ್ತಾರೆ. ಆದರೆ ಬಾಡಿಗೆ, ಅವಧಿ, ನೋಟಿಸ್ ಎಲ್ಲವನ್ನೂ ಕರಾರಿನಲ್ಲಿ ಬರೆಸುವ ಅನೇಕ ಮಾಲೀಕರು, ಕೊಡುವ ದಿನ ಮನೆ ಹೇಗಿತ್ತು ಎಂಬುದನ್ನು ಬರೆಸುವುದಿಲ್ಲ. ‘ಮನೆ ಸುಸ್ಥಿತಿಯಲ್ಲಿದೆ’ ಎಂಬ ಒಂದು ಸಾಲಿನಿಂದ ಯಾವ ತಕರಾರೂ ಬಗೆಹರಿಯದು.

ಸಾಮಾನು ಒಳಗೆ ಬರುವ ಮುಂಚೆ, ಹಗಲು ಬೆಳಕಿನಲ್ಲಿ, ಇಬ್ಬರೂ ಜೊತೆಗೆ ಓಡಾಡಿ ಪಟ್ಟಿ ಮಾಡಬೇಕು. ಪ್ರತಿ ಕೋಣೆಗೆ ಎದುರುಬದುರು ಮೂಲೆಗಳಿಂದ ಒಂದೊಂದು ಫೋಟೊ. ಬಿರುಕು, ಕಲೆ, ಒಡೆದ ಟೈಲ್ ಇದ್ದರೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಹತ್ತಿರದಿಂದ ಇನ್ನೊಂದು. ಬರೀ ಹತ್ತಿರದ ಫೋಟೊ ಇದ್ದರೆ ಅದು ಯಾವ ಗೋಡೆ ಎಂದೇ ಆಮೇಲೆ ತಿಳಿಯದು. ಮೀಟರ್‌ಗಳ ಅಂಕಿ, ಕೊಟ್ಟ ಬೀಗದ ಕೈಗಳ ಲೆಕ್ಕ, ಪ್ರತಿ ಪುಟಕ್ಕೂ ಇಬ್ಬರ ಸಹಿ, ಇಬ್ಬರಿಗೂ ಒಂದೊಂದು ಪ್ರತಿ.

ಕಣ್ಣಿಗೆ ಕಾಣದ ದೋಷಗಳದ್ದೇ ಹೆಚ್ಚು ತಂಟೆ. ಸಿಂಕ್ ತುಂಬ ನೀರು ನಿಲ್ಲಿಸಿ ಒಮ್ಮೆಲೇ ಬಿಟ್ಟು, ಕೆಳಗಿನ ಪೈಪಿನ ಜಾಯಿಂಟುಗಳಿಗೆ ಒಣ ಕಾಗದ ಒತ್ತಿ ನೋಡಿ. ನಲ್ಲಿ ಸಣ್ಣಗೆ ಬಿಟ್ಟಾಗ ಸೋರದ ಜಾಯಿಂಟು ಆಗ ಸೋರುತ್ತದೆ. ಫ್ಲಶ್ ಟ್ಯಾಂಕಿಗೆ ನಾಲ್ಕು ಹನಿ ಬಣ್ಣ ಹಾಕಿ ಅರ್ಧ ಗಂಟೆ ಬಿಡಿ. ಫ್ಲಶ್ ಮಾಡದೆಯೂ ಬಣ್ಣ ಕಮೋಡಿಗೆ ಇಳಿದಿದ್ದರೆ ವಾಷರ್ ಹೋಗಿದೆ ಎಂದರ್ಥ.

ಗೋಡೆಯ ತೇವಕ್ಕೆ ಯಾರು ಹೊಣೆ ಎಂಬುದು ಮುಗಿಯದ ವಾದ. ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದೆರಡು ದಿನ ಬಿಡಿ. ಹಾಳೆಯ ಹೊರಮೈಯಲ್ಲಿ ಹನಿ ಕಟ್ಟಿದರೆ ಅದು ಕೋಣೆಯ ಗಾಳಿಯ ತೇವ. ಕಿಟಕಿ ಮುಚ್ಚಿಟ್ಟು ಒಳಗೇ ಬಟ್ಟೆ ಒಣಗಿಸಿದರೆ ಹೀಗಾಗುತ್ತದೆ. ಗೋಡೆಗೆ ತಾಗಿದ ಮೈ ಒದ್ದೆಯಾದರೆ ನೀರು ಗೋಡೆಯೊಳಗಿಂದ ಬರುತ್ತಿದೆ, ರಿಪೇರಿ ಮಾಲೀಕರ ತಲೆಗೇ. ಅದರ ಮೇಲೆ ಬಣ್ಣ ಬಳಿದು ಬಾಡಿಗೆಗೆ ಕೊಡುವವರಿದ್ದಾರೆ. ಬಣ್ಣ ಹೊಪ್ಪಳೆ ಎದ್ದು ಗುಟ್ಟು ಬಯಲಾಗುತ್ತದೆ, ಅಷ್ಟೇ.

ಇನ್ನು ಕಡಿತದ ಮಾತು. ಬಣ್ಣ ಮಾಸುವುದು, ಹಿಡಿಕೆ ಸವೆಯುವುದು ಬಳಕೆಯ ಸವೆತ. ಬಾಡಿಗೆ ತೆಗೆದುಕೊಳ್ಳುವುದೇ ಅದಕ್ಕೆ. ಒಡೆದ ಗಾಜು, ಸುಟ್ಟ ಕಪಾಟು ಹಾನಿ. ಹಾನಿಯಾದರೂ ಹೊಸದರ ಪೂರ್ತಿ ಬೆಲೆ ಕೇಳುವುದು ನ್ಯಾಯವಲ್ಲ. 5 ವರ್ಷ ಬಾಳುವ ಬಣ್ಣ ಬಳಿದು 3 ವರ್ಷ ಆಗಿದ್ದರೆ, ಕೇಳಬಹುದಾದ್ದು ಖರ್ಚಿನ ಐದರಲ್ಲಿ ಎರಡು ಪಾಲು. ಐದೂ ವರ್ಷ ಕಳೆದಿದ್ದರೆ ಮಕ್ಕಳು ಗೋಡೆ ತುಂಬ ಗೀಚಿದ್ದರೂ ಬಣ್ಣದ ಬಾಬ್ತು ಏನೂ ಇಲ್ಲ. ಮಾಲೀಕರಿಗೆ ಇದು ಕಹಿ, ಆದರೆ ಲೆಕ್ಕ ಲೆಕ್ಕವೇ.

ಖಾಲಿ ಮಾಡುವ ಎರಡು ವಾರ ಮೊದಲೇ ಅದೇ ಪಟ್ಟಿ ಹಿಡಿದು ಒಮ್ಮೆ ನೋಡಿದರೆ, ಸಣ್ಣಪುಟ್ಟದ್ದನ್ನು ಬಾಡಿಗೆದಾರರೇ ಸರಿಪಡಿಸಲು ಸಮಯ ಸಿಗುತ್ತದೆ. ಕೊನೆಯ ದಿನ ತಕರಾರಿನ ಮೊತ್ತವನ್ನಷ್ಟೇ ತಡೆಹಿಡಿದು ಉಳಿದದ್ದನ್ನು ಅಂದೇ ಬ್ಯಾಂಕ್ ಮೂಲಕ ಕೊಟ್ಟುಬಿಡಿ. ಕಡಿತ ಮಾಡಿದ ಪ್ರತಿಯೊಂದಕ್ಕೂ ಬಿಲ್ ತೋರಿಸಿ.

– ಒಬ್ಬ ಮನೆ ಮಾಲೀಕ