‘ತಲೆ ಕೆಟ್ಟಿತ್ತು’ ಎಂದರೆ ರಹಸ್ಯ ಬಿಡಿಸಿದಂತಲ್ಲ

ಮಾನ್ಯ ಸಂಪಾದಕರೇ,

ಈಚೆಗೆ ತೆರೆಕಂಡ ಮನೋವೈಜ್ಞಾನಿಕ ರಹಸ್ಯಚಿತ್ರವೊಂದರ ಕುರಿತು ತಮ್ಮ ಪತ್ರಿಕೆಯಲ್ಲಿ ಪ್ರಕಟವಾದ ಓದುಗರ ಪತ್ರಗಳನ್ನು ಗಮನಿಸಿದೆ. ಅದೇ ಚಿತ್ರವನ್ನು ತುಮಕೂರಿನ ಚಿತ್ರಮಂದಿರವೊಂದರಲ್ಲಿ ನೋಡಿ ಹೊರಬಂದಾಗ ಸ್ಕೂಟರ್ ಸ್ಟ್ಯಾಂಡಿನಲ್ಲಿ ಕಿವಿಗೆ ಬಿದ್ದ ಮಾತಿಗೂ ಆ ಪತ್ರಗಳ ತೀರ್ಮಾನಕ್ಕೂ ವ್ಯತ್ಯಾಸವಿರಲಿಲ್ಲ: ‘ಇನ್ನೇನಿಲ್ಲ, ಆಯಮ್ಮಂಗೆ ತಲೆ ಕೆಟ್ಟಿತ್ತು, ಅಷ್ಟೇಯ.’ ಇನ್ನೂ ನೋಡದವರ ಕುತೂಹಲ ಕೆಡಬಾರದೆಂದು ಚಿತ್ರದ ಹೆಸರನ್ನೂ ಕೊನೆಯನ್ನೂ ಇಲ್ಲಿ ಬರೆಯುತ್ತಿಲ್ಲ.

ಅಟ್ಟದ ಮೇಲೆ ಯಾರೋ ಓಡಾಡುತ್ತಾರೆಂದು ನಾಯಕಿ ಹೇಳುತ್ತಾಳೆ, ಗಂಡ ನಂಬುವುದಿಲ್ಲ. ಇಷ್ಟೇ ಆಗಿದ್ದರೆ ಎಲ್ಲವೂ ಆಕೆಯ ಭ್ರಮೆ ಎನ್ನಲು ಅಡ್ಡಿಯಿರಲಿಲ್ಲ. ಆದರೆ ಆಕೆ ತವರಿಗೆ ಹೋದ ರಾತ್ರಿ, ಗಂಡ ಒಬ್ಬನೇ ಊಟಕ್ಕೆ ಕುಳಿತಿರುವಾಗ, ಅವನ ಬೆನ್ನ ಹಿಂದೆ ಅಟ್ಟದ ಬಾಗಿಲಿನ ಚಿಲಕ ತೆಗೆದಿರುವುದು ನಮಗೆ ಕಾಣುತ್ತದೆ. ಅವನು ತಿರುಗಿ ನೋಡುವುದಿಲ್ಲ. ಆಕೆಯಂತೂ ಊರಲ್ಲೇ ಇಲ್ಲ. ಹಾಗಾದರೆ ಅದು ಯಾರ ಭ್ರಮೆ? ಚಿಲಕ ಹಾಕಲು ಗಂಡನೇ ಮರೆತಿರಬಹುದು ಎಂದು ವಾದಿಸುವವರೊಂದಿಗೆ ನನಗೆ ತಕರಾರಿಲ್ಲ, ಏಕೆಂದರೆ ಅವರು ಚಿಲಕವನ್ನಾದರೂ ನೋಡಿದ್ದಾರೆ. ಇನ್ನೊಂದು ದೃಶ್ಯದಲ್ಲಿ ಆತ ಅರ್ಧ ಮೆಟ್ಟಿಲು ಹತ್ತಿ, ಅಲ್ಲೇ ನಿಂತು, ಇಳಿದು ಬಂದು ‘ಮೇಲೆಲ್ಲ ನೋಡಿದೆ, ಯಾರೂ ಇಲ್ಲ’ ಎನ್ನುತ್ತಾನೆ. ಕಣ್ಣೆದುರೇ ಸುಳ್ಳು ಹೇಳಿದ ಈ ಮನುಷ್ಯನ ಮನಃಸ್ಥಿತಿಯನ್ನು ಪ್ರಕಟವಾದ ಪತ್ರಗಳಲ್ಲಿ ಒಂದೂ ಪ್ರಶ್ನಿಸಿಲ್ಲ.

ಕನ್ನಡದ ಪ್ರೇಕ್ಷಕರಿಗೆ ಇದು ಹೊಸ ಪಾಠವೇನಲ್ಲ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1971ರಲ್ಲಿ ತೆರೆಗೆ ತಂದ ‘ಶರಪಂಜರ’ದಲ್ಲಿ, ಗುಣಮುಖಳಾಗಿ ಮನೆಗೆ ಮರಳಿದ ಕಾವೇರಿಯ ಪ್ರತಿಯೊಂದು ಮಾತನ್ನೂ ನಗೆಯನ್ನೂ ಸುತ್ತಲಿನವರು ಹುಚ್ಚಿನ ಲಕ್ಷಣವೆಂದೇ ನೋಡುತ್ತಾರೆ, ಆ ನೋಟವೇ ಕೊನೆಗೆ ಅವಳನ್ನು ಮತ್ತೆ ಆಸ್ಪತ್ರೆಗೆ ದೂಡುತ್ತದೆ. ಕಲ್ಪನಾ ಅವರ ಅಭಿನಯಕ್ಕೆ ಕಣ್ಣೀರು ಸುರಿಸಿದ ನಾವೇ, ಬೇರೊಂದು ಚಿತ್ರದ ಹೆಣ್ಣುಮಗಳಿಗೆ ಅದೇ ಹಣೆಪಟ್ಟಿ ಕಟ್ಟಲು ಐದು ನಿಮಿಷವೂ ತೆಗೆದುಕೊಳ್ಳಲಿಲ್ಲ. ಅರ್ಥ ಮಾಡಿಕೊಳ್ಳುವ ಶಕ್ತಿ ನಮಗಿಲ್ಲವೆಂದೇನೂ ಅಲ್ಲ. ವರ್ಣದಲ್ಲೊಂದು, ಕಪ್ಪು ಬಿಳುಪಿನಲ್ಲೊಂದು ಬದುಕನ್ನು ಹೆಣೆದು ಕನಸು ಯಾವುದು, ನಿಜ ಯಾವುದು ಎಂದು ಕಾಡಿದ 2013ರ ‘ಲೂಸಿಯಾ’ವನ್ನು ಇದೇ ಪ್ರೇಕ್ಷಕರು ತಾಳ್ಮೆಯಿಂದ ನೋಡಿ, ದಿನಗಟ್ಟಲೆ ಚರ್ಚಿಸಿದ್ದಾರೆ.

ನಿರ್ದೇಶಕರದೂ ತಪ್ಪಿದೆ. ದ್ವಿತೀಯಾರ್ಧದಲ್ಲಿ ಬರುವ ವೈದ್ಯರ ಪಾತ್ರ ಉಪನ್ಯಾಸದ ಧಾಟಿಯಲ್ಲಿ ಕಾಯಿಲೆಯ ಲಕ್ಷಣಗಳನ್ನು ಒಪ್ಪಿಸುತ್ತ ಹೋಗುವುದರಿಂದ, ದಣಿದ ಪ್ರೇಕ್ಷಕ ಅದನ್ನೇ ಉತ್ತರವೆಂದು ಹಿಡಿದುಕೊಂಡರೆ ಆಶ್ಚರ್ಯವಿಲ್ಲ. ಆದರೂ ವೈದ್ಯರು ಆಡುವುದೆಲ್ಲ ಗಂಡ ಹೇಳಿಕೊಟ್ಟ ಮಾತನ್ನು ನಂಬಿಯೇ. ಆಕೆಯನ್ನು ಅವರು ನೇರವಾಗಿ ಕೇಳುವ ಪ್ರಶ್ನೆ ಒಂದೇ ಒಂದು.

ಇನ್ನೊಂದು ಸಂಗತಿ. ನಾನು ನೋಡಿದ ಪ್ರದರ್ಶನದಲ್ಲಿ ಕೊನೆಯ ದೃಶ್ಯ ಪರದೆಯ ಮೇಲಿರುವಾಗಲೇ ಬಾಗಿಲು ತೆರೆದು ದೀಪ ಹಾಕಿದ್ದರಿಂದ ಮುಕ್ಕಾಲು ಪಾಲು ಜನ ಎದ್ದು ನಡೆದರು. ಚಿತ್ರದ ಅತಿ ಮುಖ್ಯ ಸುಳಿವು ಇರುವುದು ಆ ದೃಶ್ಯದಲ್ಲಿಯೇ. ಇಂಥ ಚಿತ್ರಗಳಿಗಾದರೂ ಹೆಸರುಗಳ ಪಟ್ಟಿ ಮುಗಿಯುವವರೆಗೆ ದೀಪ ಹಾಕಬಾರದೆಂದು ಚಿತ್ರಮಂದಿರದವರನ್ನು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ,
ಒಬ್ಬ ಓದುಗ, ತುಮಕೂರು